ಮಹಾನಂದಾ ತೊಟ್ಟಿವಿಜಯ

ಹಂಡೆಯಲ್ಲಿ ಕುದಿಯುವವಳೇ, ಕೊಡದಲ್ಲಿ ತಣಿಯುವವಳೇ, ಆರುನೂರು ಅಡಿ ಆಳದ ಪಾತಾಳದಿಂದ ಮೋಟಾರಿನ ಮೊರೆತಕ್ಕೆ ಓಗೊಟ್ಟು ಮೇಲೇರಿ ಬರುವವಳೇ, ಎಲೈ ಜಲದೇವಿಯೇ, ಒಂದು ಗಳಿಗೆ ನಲ್ಲಿಯ ತುದಿಯಲ್ಲಿ ತಡೆದು ನಿಂತು ಈ ಕಥೆಗೆ ಸಾಕ್ಷಿಯಾಗು. ಕೃತಯುಗದಲ್ಲಿ ಮಾನವರು ಮಹಾನದಿಗಳಲ್ಲಿ ಮಿಂದರು. ತ್ರೇತೆಯಲ್ಲಿ ಸರೋವರಗಳಲ್ಲಿ ಮಿಂದರು. ದ್ವಾಪರದಲ್ಲಿ ಕೊಳಗಳಲ್ಲಿ ಮಿಂದರು, ಕೆಲವರು ಅಲ್ಲಿಯೇ ಅಡಗಿಯೂ ಕುಳಿತರು. ಬಳಿಕ ಕಲಿಯುಗವು ಬಂದು, ಬಂದದ್ದು ಸಾಕಷ್ಟು ಹಳತೂ ಆಗಿ, ಮನುಷ್ಯನ ಸ್ನಾನವು ಏಳಡಿ ಉದ್ದ ಐದಡಿ ಅಗಲದ ಬಚ್ಚಲುಮನೆಯಷ್ಟಕ್ಕೆ ಕುಗ್ಗಿ ನಿಂತ ಕಾಲದಲ್ಲಿ, ಬೆಟಗೇರಿಯ ಒಂದು ಓಣಿಯಲ್ಲಿ, ಮಗ್ಗಗಳ ಸದ್ದಿಗೆ ಗೋಡೆಗಳು ತಾಳ ಹಾಕುತ್ತಿದ್ದ ಒಂದು ಮನೆಯಲ್ಲಿ ಈ ಮಹಾಸಮರವು ನಡೆಯಿತು.

ಆ ಮನೆಯ ವೀರಾಂಗನೆ ಮಹಾನಂದಾ. ದ್ವಿಚಕ್ರರಥಾರೂಢೆ, ವರ್ಗಸಮೀಕರಣಭಯಂಕರಿ, ಒಂಬತ್ತನೆಯ ತರಗತಿ 'ಬ' ವಿಭಾಗಮರ್ದಿನಿ ಎಂದು ಮೂರು ಬಿರುದುಗಳುಳ್ಳವಳು. ಎರಡು ವರ್ಷದವಳಿದ್ದಾಗ ಬಂದ ಪೋಲಿಯೋ ಎಂಬ ಹಗೆಯು ಅವಳ ಎರಡೂ ಕಾಲುಗಳನ್ನು ಸೆರೆಹಿಡಿದಿತ್ತು. ಉಳಿದುದನ್ನು ಹಿಡಿಯಲಾಗದೆ ಓಡಿಹೋಗಿತ್ತು. ಆಕೆ ಸರಕಾರಿ ಹೈಸ್ಕೂಲಿನ ಗಣಿತದ ಮಾಸ್ತರಿಣಿ. ಕಪ್ಪು ಹಲಗೆಯ ಅರ್ಧಕ್ಕಷ್ಟೇ ಅವಳ ಕೈ ಎಟುಕುತ್ತಿತ್ತು, ಆದರೆ ಆ ಅರ್ಧದಲ್ಲಿಯೇ ಪೈಥಾಗೊರಸನ ಪ್ರಮೇಯವು ಸಂಪೂರ್ಣವಾಗಿ ಸಿದ್ಧವಾಗುತ್ತಿತ್ತು. ಅವಳ ಗಾಲಿಕುರ್ಚಿಯ ಸದ್ದು ಕಾರಿಡಾರಿನ ಆ ತುದಿಯಲ್ಲಿ ಕೇಳಿದೊಡನೆ ಈ ತುದಿಯ ಹುಡುಗರಿಗೆ ಮಗ್ಗಿ ತಾನಾಗಿಯೇ ನೆನಪಿಗೆ ಬರುತ್ತಿತ್ತು.

ಇಂಥ ಧೀರೆಗೂ ಒಂದು ಕೋಟೆ ವಶವಾಗಿರಲಿಲ್ಲ. ಅದು ಸ್ವಂತ ಮನೆಯ ಬಚ್ಚಲು. ಹುಟ್ಟಿ ಮೂವತ್ತೊಂಬತ್ತು ವರ್ಷಗಳಾದರೂ ಆಕೆ ಒಂದು ದಿನವೂ ಒಬ್ಬಳೇ ಮಿಂದವಳಲ್ಲ. ಮೊದಲು ತಾಯಿ ಮೀಯಿಸಿದಳು. ತಾಯಿ ತೀರಿದ ಮೇಲೆ, ಹದಿನಾಲ್ಕು ವರ್ಷಗಳಿಂದ, ಅಣ್ಣನ ಹೆಂಡತಿ ಕಸ್ತೂರಿ ಮೀಯಿಸುತ್ತಿದ್ದಳು.

ಈ ಕಸ್ತೂರಿಯಾದರೂ ಸಾಮಾನ್ಯಳೇ? ಕುದಿಜಲಧಾರಾವರ್ಷಿಣಿ, ಕಡಲೆಹಿಟ್ಟುಲೇಪನಚತುರೆ. ತಿಂಗಳಿಗೊಮ್ಮೆ ಹಿತ್ತಾಳೆಯ ಕೊಡಗಳನ್ನು ಹುಣಸೆಹಣ್ಣಿನಿಂದ ಬೆಳಗುವ ಆ ಕೈಗಳೇ ದಿನಕ್ಕೊಮ್ಮೆ ನಾದಿನಿಯನ್ನೂ ಬೆಳಗುತ್ತಿದ್ದವು, ವ್ಯತ್ಯಾಸ ಹುಣಸೆಹಣ್ಣಿನದಷ್ಟೇ. ಮುಂಜಾನೆ ಎಂಟೂವರೆಯಿಂದ ಒಂಬತ್ತರವರೆಗೆ, ನೀರು ಹಾಕುತ್ತ ಹಾಕುತ್ತ, ಓಣಿಯ ಸಮಸ್ತ ವಾರ್ತೆಗಳನ್ನೂ ಆಕೆ ಒಪ್ಪಿಸುತ್ತಿದ್ದಳು. ಬೆತ್ತಲೆ ಕುಳಿತ ಶ್ರೋತೃವಿಗೆ ಎದ್ದು ಹೋಗುವ ದಾರಿಯಿರಲಿಲ್ಲ.

ಒಂದು ಗುರುವಾರ ಬೆಳಗ್ಗೆ ಉಪ್ಪಿಟ್ಟಿನ ಸಮಯದಲ್ಲಿ ಮಹಾನಂದೆ ತನ್ನ ಪ್ರತಿಜ್ಞೆಯನ್ನು ಘೋಷಿಸಿದಳು.

"ವೈನಿ, ಇನ್ನ ಮ್ಯಾಲೆ ನಾ ಒಬ್ಬಾಕಿನ ಜಳಕ ಮಾಡ್ತೀನಿ. ಒಳಗಿಂದ ಚಿಲಕ ಹಾಕ್ಕೊಂಡು. ಅದಕ್ಕ ಒಗ್ಗೂವಂಥ ಒಂದು ಟಬ್ ತರೂಣು."

ಅಣ್ಣ ಗುರುಶಾಂತನ ಉಪ್ಪಿಟ್ಟಿನ ಚಮಚವು ತಟ್ಟೆಗೂ ಬಾಯಿಗೂ ನಡುವೆ ಅಂತರಿಕ್ಷದಲ್ಲಿ ನಿಂತಿತು. ಕಸ್ತೂರಿ ಸೌಟನ್ನು ಕೆಳಗಿಟ್ಟಳು. ಇಟ್ಟ ಸದ್ದು ಪಕ್ಕದ ಮನೆಗೂ ಕೇಳಿತು.

"ಯಾಕವಾ? ಹದಿನಾಲ್ಕು ವರ್ಷ ತಣ್ಣಗಿದ್ದ ನನ್ನ ಕೈ ಇವತ್ತ ಸುಡಾಕತ್ತಾವೇನು?"

"ನಿಮ್ಮ ಕೈ ಸುಡಂಗಿಲ್ಲ ವೈನಿ. ನಿಮ್ಮ ನೀರು ಸುಡತಾವು."

"ಬಿಸಿ ಇಲ್ದಿದ್ರ ಅದ್ಯಾತರ ಜಳಕ? ಮಳ್ಯಾಗ ತೊಯ್ಸಿಕೊಂಡಂಗ. ಮತ್ತ ಒಳಗ ಜಾರಿ ಬಿದ್ರ?"

"ಬಿದ್ರ ಒದರ್ತೀನಿ."

"ಚಿಲಕ ಹಾಕ್ಕೊಂಡು ಒದರಿದ್ರ ನಾವೇನು ಬಾಗಲಾ ಮುರದು ಬರಬೇಕೇನು?"

"ಬಾಗಲಾ ಮುರಿಯೂದು ನನಗ ಬಿಡ್ರಿ," ಎಂದನು ಗುರುಶಾಂತ, ಉತ್ಸಾಹದಿಂದ.

"ನೀವು ಸುಮ್ಕ ಉಪ್ಪಿಟ್ಟ ತಿನ್ರಿ," ಎಂದರು ಇಬ್ಬರು ಹೆಂಗಸರೂ.

ಆಗ ಮಹಾನಂದೆ ಧ್ವನಿಯನ್ನು ಇಳಿಸಿ, ತಟ್ಟೆಯನ್ನು ನೋಡುತ್ತ ಹೇಳಿದಳು. "ಮೂವತ್ತೊಂಬತ್ತು ವರ್ಷ ಆತು ವೈನಿ. ನನ್ನ ಮೈ ನಾ ಒಬ್ಬಾಕಿನ ಇದ್ದು ಒಮ್ಮಿನೂ ನೋಡಿಲ್ಲ."

ಕಸ್ತೂರಿ ಎದ್ದು ಒಲೆಯ ಕಡೆಗೆ ಹೋದಳು. ಆ ದಿನ ಚಹದಲ್ಲಿ ಸಕ್ಕರೆ ಇರಲಿಲ್ಲ. ಯಾರೂ ಕೇಳಲಿಲ್ಲ.

ಅಂತೂ ಭಾನುವಾರ ದಂಡಯಾತ್ರೆ ಹೊರಟಿತು. ಮುಂದೆ ಗುರುಶಾಂತ, ನಡುವೆ ಗಾಲಿಕುರ್ಚಿಯಲ್ಲಿ ಮಹಾನಂದೆ, ಹಿಂದೆ ಬರುವುದಿಲ್ಲ ಬರುವುದಿಲ್ಲ ಎನ್ನುತ್ತಲೇ ಹೊಸ ಇಳಕಲ್ ಸೀರೆಯುಟ್ಟು ಕಸ್ತೂರಿ. ಯುದ್ಧಭೂಮಿಯು ಸ್ಟೇಶನ್ ರಸ್ತೆಯಲ್ಲಿದ್ದ ಮಕ್ಬೂಲನ ಟೈಲ್ಸ್ ಮತ್ತು ಸ್ಯಾನಿಟರಿ ಅಂಗಡಿ. ಅಂಗಡಿಯ ಬಾಗಿಲಲ್ಲಿ ಮೂರು ಮೆಟ್ಟಿಲುಗಳೆಂಬ ಮೊದಲ ಶತ್ರುಗಳು ಸಾಲುಗಟ್ಟಿ ನಿಂತಿದ್ದವು. ಆದರೆ ಮಕ್ಬೂಲನು ಟೈಲ್ಸ್ ಇಳಿಸುವ ಹಲಗೆಯನ್ನು ಎಳೆದು ತಂದು ಮೆಟ್ಟಿಲ ಮೇಲೆ ಹಾಸಿ, "ಬರ್ರಿ ಟೀಚರ್, ಈ ಹಲಗಿ ಮ್ಯಾಲೆ ನೂರು ಪೆಟ್ಟಿಗಿ ಇಳದಾವ, ನೀವೇನ್ ಭಾರ," ಎಂದನು. ಆತನ ಮಗಳು 'ಬ' ವಿಭಾಗದಲ್ಲಿದ್ದಳು. ಆದ್ದರಿಂದ ಅವನ ವಿನಯದಲ್ಲಿ ತುಸು ಭಯವೂ ಬೆರೆತಿತ್ತು.

ಒಳಗೆ ತೊಟ್ಟಿಗಳ ಚತುರಂಗಸೇನೆಯು ವ್ಯೂಹ ರಚಿಸಿ ನಿಂತಿತ್ತು. ಸಿಂಹಪಾದಗಳ ಮೇಲೆ ನಿಂತ ದಂತವರ್ಣದ ತೊಟ್ಟಿ, ಮೂಲೆಗೆಂದೇ ಹುಟ್ಟಿದ ತ್ರಿಕೋಣಾಕೃತಿಯ ತೊಟ್ಟಿ, ಮಧ್ಯದಲ್ಲಿ ಸೇನಾಪತಿಯಂತೆ ಎಂಟು ರಂಧ್ರಗಳಿಂದ ನೀರು ಚಿಮ್ಮಿಸುವ ಮಹಾತೊಟ್ಟಿ. ಅದನ್ನು ಕಂಡೊಡನೆ ಗುರುಶಾಂತನ ರೋಮಗಳು ನಿಮಿರಿದವು. ಆತನು ಮೋಟಾರು ವೈಂಡಿಂಗ್ ಮಾಡುವವನು, ತಾಮ್ರತಂತುವಲಯವಿಶಾರದ. ಲೋಕದಲ್ಲಿ ತಿರುಗುವ ವಸ್ತು ಯಾವುದಿದ್ದರೂ ಅದು ತನ್ನ ಅಧೀನವೆಂದು ನಂಬಿದವನು. ಎದೆಯುಬ್ಬಿಸಿ, ಮೇಘಗಂಭೀರ ಧ್ವನಿಯಿಂದ ಹೀಗೆ ಗರ್ಜಿಸಿದನು:

"ನಂದಾ, ಇದ ನೋಡು ಟಬ್ ಅಂದ್ರ! ಒಳಗ ಮೋಟಾರ್ ಐತಿ. ನಲವತ್ತು ಹಾರ್ಸ್‌ಪವರಿಂದು ಬಿಚ್ಚಿ ಕೂಡ್ಸಾಂವ ನಾ, ಇದು ನನಗ ಆಟಿಗಿ ಸಾಮಾನು. ಸುಟ್ಟರೂ ತಾಸಿನ್ಯಾಗ ಸುತ್ತಿ ಕೊಡ್ತೀನಿ."

"ಜಳಕಾ ಮಾಡೋ ಟಬ್ ಎದಕ್ಕ ಸುಡಬೇಕರಿ?" ಎಂದಳು ಕಸ್ತೂರಿ. ಆಕೆಯು ಆ ವೇಳೆಗೆ ಸಾಲಿನಲ್ಲಿದ್ದ ಒಂದೊಂದು ತೊಟ್ಟಿಯನ್ನೂ ಸಂತೆಯಲ್ಲಿ ಗಡಿಗೆಯನ್ನು ಪರೀಕ್ಷಿಸುವಂತೆ ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಗೊಟ್ಟು, "ಇದು ಒಡದೈತಿ... ಇದೂ ಒಡದೈತಿ," ಎಂದು ತೀರ್ಪು ಕೊಡುತ್ತ ಸಾಗಿದ್ದಳು.

"ಅದು ಫೈಬರ್ ರಿ ಅಕ್ಕಾರ, ಅದರ ದನಿನ ಹಂಗ," ಎಂದು ಮಕ್ಬೂಲ ಬೇಡಿಕೊಂಡನು.

ಗುರುಶಾಂತನು ಮಾತಿನಿಂದ ತೃಪ್ತನಾಗುವವನಲ್ಲ. ಚಪ್ಪಲಿಯನ್ನು ಕಳೆದು, ಮಹಾತೊಟ್ಟಿಯೊಳಗೆ ಧುಮುಕಿ, ಶೇಷಶಯನನಂತೆ ಪವಡಿಸಿದನು.

"ಹೆಂಗೈತಿ ಅಣ್ಣ?"

"ಸ್ವರ್ಗ!"

"ಹಂಗಾರ ಈಗ ಹೊರಗ ಬಾ."

ಗುರುಶಾಂತನು ಬಲಗೈಯನ್ನು ಅಂಚಿಗೆ ಹಾಕಿದನು. ಜಾರಿತು. ಎಡಗೈಯನ್ನು ಹಾಕಿದನು. ಅದೂ ಜಾರಿತು. ಮಂಡಿಯೂರಲು ಹೋಗಿ ಹೊಟ್ಟೆಯ ಮೇಲೆ ಹೊರಳಿದನು. ಎರಡು ಗಟ್ಟಿಮುಟ್ಟಾದ ಕಾಲುಗಳುಳ್ಳ, ಐವತ್ತು ವರ್ಷ ಪ್ರಾಯದ, ಉಪ್ಪಿಟ್ಟುಪುಷ್ಟದೇಹಿಯಾದ ಆ ಶೂರನನ್ನು ಕೊನೆಗೆ ಮಕ್ಬೂಲನು ಕಂಕುಳಲ್ಲಿ ಕೈ ಕೊಟ್ಟು ಎತ್ತಬೇಕಾಯಿತು.

ಮಹಾನಂದೆ ನಗಲಿಲ್ಲ. ತಪ್ಪು ಲೆಕ್ಕವನ್ನು ಅಳಿಸುವಾಗಿನ ಮುಖದಲ್ಲಿ ಹೇಳಿದಳು. "ಮಕ್ಬೂಲ್ ಅವರ, ಒಳಗ ಹೋಗೂದು ಯಾವ ಟಬ್ಬಿನಾಗರ ಆಕ್ಕೈತಿ. ನನಗ ಹೊರಗ ಬರೂದನ್ನ ತೋರಸ್ರಿ."

ಚಕ್ರವ್ಯೂಹದ ಗುಟ್ಟೆಲ್ಲ ಈ ಒಂದು ಮಾತಿನಲ್ಲಿ ಅಡಗಿತ್ತು. ಮಕ್ಬೂಲನು ಅದನ್ನು ಅರಿತು, ತನ್ನ ಬತ್ತಳಿಕೆಯ ಬ್ರಹ್ಮಾಸ್ತ್ರವನ್ನು ಹೊರತೆಗೆದನು. ಪರದೆಯೊಂದನ್ನು ಸರಿಸಿದಾಗ ಅಲ್ಲಿ ಕವಾಟಸಹಿತವಾದ, ಎದೆಯೆತ್ತರದ, ಒಳಗೆ ಆಸನವುಳ್ಳ ಒಂದು ತೊಟ್ಟಿ ಪ್ರಕಟವಾಯಿತು. ತೊಟ್ಟಿಗೆ ಬಾಗಿಲು! ಮೂವರೂ ಬೆರಗಾದರು.

"ಕಾರಿನ ಬಾಗಲಾ ತೆಗದಂಗ ತೆಗೀರಿ, ಕುಂಡರ್ರಿ, ಹಾಕ್ಕೋರಿ. ಕೈಕಾಲು ಬಾರದೋರಿಗಂತನ ಮಾಡಿದ್ದು. ಗದಗ ಜಿಲ್ಲಾದಾಗ ಇದೊಂದ ಪೀಸು. ಬೇಕಾದ್ರ ಇಲ್ಲೇ ನೀರು ಬಿಟ್ಟು ತೋರಸ್ತೀನಿ."

ಗುರುಶಾಂತನಿಗೆ ಬಾಗಿಲೆಂದರೆ ಬಿಜಾಗರಿಯ ಕೀಲು, ಕೀಲೆಂದರೆ ತಿರುಗುವ ವಸ್ತು. ಅದು ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ವಿಷಯದಲ್ಲಿ ಅವನಿಗೂ ಮಕ್ಬೂಲನಿಗೂ ವಾಗ್ಯುದ್ಧವು ಹತ್ತಿಕೊಂಡು, ಇಬ್ಬರೂ ಕಾದಾಡುತ್ತಲೇ ಅಂಗಡಿಯ ಮುಂಭಾಗಕ್ಕೆ ಸರಿದರು. ಮಹಾನಂದೆ ಅದನ್ನು ಅವರಿಗೇ ಬಿಟ್ಟು, ಚೀಲದಿಂದ ಶಾಲೆಯ ಅಡಿಪಟ್ಟಿಯನ್ನು ತೆಗೆದುಕೊಂಡು, ಅಂಗಡಿಯ ಹಿಂದಿನ ಮೂಲೆಯ ಕಡೆಗೆ ಗಾಲಿ ತಿರುಗಿಸಿದಳು.

ಕಸ್ತೂರಿ ಒಬ್ಬಳೇ ಆ ಕವಾಟತೊಟ್ಟಿಯ ಮುಂದೆ ಉಳಿದಳು.

ಇಲ್ಲಿ ಕೇಳುಗರು ಒಂದು ಕುಲಧರ್ಮವನ್ನು ಅರಿಯಬೇಕು. ಆ ಸೀಮೆಯ ಮನೆಗಳಲ್ಲಿ ಮೀಯುವವರು ಮೊದಲು ಬಚ್ಚಲಿಗೆ ಹೋಗುವುದಿಲ್ಲ. ಮೊದಲು ನೀರು ಹೋಗುತ್ತದೆ. ಮನೆಯ ಹೆಂಗಸು ಬಿಸಿಯನ್ನೂ ತಣ್ಣೀರನ್ನೂ ಬೆರೆಸಿ, ಕೈಯದ್ದಿ ಹದ ನೋಡಿ, ಎಲ್ಲವೂ ತುಂಬಿದ ಮೇಲೆ "ನೀರಾತು, ಏಳ್ರಿ" ಎಂದು ಕರೆಯುತ್ತಾಳೆ. ಬರಿದಾದ ಪಾತ್ರೆಯ ಮುಂದೆ ಮನುಷ್ಯನನ್ನು ಕೂರಿಸುವುದು ಅನ್ನವಿಲ್ಲದ ಎಲೆಯ ಮುಂದೆ ಕೂರಿಸಿದಷ್ಟೇ ಅವಮಾನ. ಕಸ್ತೂರಿ ಈ ಧರ್ಮದಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಟಬ್ ಬೇಡವೆಂದು ಮುನಿಸಿಕೊಂಡಿದ್ದರೂ, ನಾದಿನಿ ಪರೀಕ್ಷಿಸಿ ನೋಡಲಿದ್ದಾಳೆ ಎಂದಮೇಲೆ ನೀರಿಲ್ಲದಿದ್ದರೆ ಹೇಗೆ? ಪಕ್ಕದಲ್ಲಿ ನಲ್ಲಿಯಿತ್ತು, ನಲ್ಲಿಗೆ ಪೈಪಿತ್ತು. ಆಕೆ ಬಾಗಿಲನ್ನು ಗಟ್ಟಿಯಾಗಿ ಹಾಕಿ, ಪೈಪನ್ನು ಮೇಲಿನಿಂದ ಇಳಿಬಿಟ್ಟು, ಕಂಠದವರೆಗೆ ನೀರು ತುಂಬಿ, ಕೈಯದ್ದಿ ನೋಡಿ, ಹದಿನಾಲ್ಕು ವರ್ಷಗಳ ರೂಢಿಯ ರಾಗದಲ್ಲಿ ಕರೆದಳು:

"ನೀರಾತು, ಬಾರ ನಂದಾ!"

ಮಹಾನಂದೆ ದೂರದ ಮೂಲೆಯಿಂದ ತಿರುಗಿ ನೋಡಿದಳು. ನೀರನ್ನು ಕಂಡಳು. ಬಾಗಿಲನ್ನು ಕಂಡಳು. ಕರೆ ಕೇಳಿ ಓಡಿಬಂದು, ತಂಗಿಗಾಗಿ ಕವಾಟ ತೆರೆಯಲು ರಾಜಸೇವಕನಂತೆ ಕೈ ಚಾಚಿದ ಅಣ್ಣನನ್ನೂ ಕಂಡಳು. ಘನಫಲ, ಒತ್ತಡ, ಪರಿಣಾಮ ಮೂರನ್ನೂ ಕ್ಷಣಾರ್ಧದಲ್ಲಿ ಗುಣಿಸಿ, "ಅಣ್ಣಾ, ತೆಗೀಬ್ಯಾ..." ಎಂದಳು.

ಗುರುಶಾಂತನು ತೆಗೆದನು.

ಆಹಾ, ಆ ಪ್ರಳಯವನ್ನು ಏನೆಂದು ವರ್ಣಿಸಲಿ! ಕಲ್ಪಾಂತದ ಸಪ್ತಸಾಗರಗಳು ಒಂದಾಗಿ ನುಗ್ಗುವಂತೆ, ಇನ್ನೂರೈವತ್ತು ಲೀಟರು ನೀರು ಏಕಘೋಷದಿಂದ ಹೊರನುಗ್ಗಿತು. ಗುರುಶಾಂತನು ಮೊದಲ ಅಲೆಗೇ ಆಸನಸ್ಥನಾಗಿ, ಎರಡನೆಯ ಅಲೆಯ ಮೇಲೆ ಕುಳಿತಭಂಗಿಯಲ್ಲಿಯೇ ವಾಶ್‌ಬೇಸಿನ್ನುಗಳ ಸಾಲಿನವರೆಗೆ ಪಯಣಿಸಿದನು. ಮಗ್ಗುಗಳು ದೋಣಿಗಳಾದವು. ಕಮೋಡಿನ ಮುಚ್ಚಳಗಳು ಆಮೆಗಳಂತೆ ತೇಲಿದವು. ಆತನು ಕಳೆದಿಟ್ಟ ಚಪ್ಪಲಿಗಳು ಒಂದರ ಹಿಂದೊಂದು ಹಲಗೆಯಿಂದಿಳಿದು ಸ್ಟೇಶನ್ ರಸ್ತೆಯ ಕಡೆಗೆ ಪ್ರಯಾಣ ಬೆಳೆಸಿದವು. ಇಳಕಲ್ ಸೀರೆಯನ್ನು ಮೊಣಕಾಲಿಗೆತ್ತಿ ಹಿಡಿದ ಕಸ್ತೂರಿ ಜಲಮಧ್ಯದ ದೀಪಸ್ತಂಭದಂತೆ ನಿಂತಳು. ಮಹಾನಂದೆಯ ರಥಚಕ್ರಗಳನ್ನು ಮುಟ್ಟಿದ ಪ್ರವಾಹವು ಅಲ್ಲಿಗೆ ಸುಸ್ತಾಗಿ ಹಿಂತಿರುಗಿತು.



"ಅಕ್ಕಾರ," ಎಂದನು ಮಕ್ಬೂಲ, ಕ್ಷೀಣವಾಗಿ. "ಈ ಟಬ್ಬಿನಾಗ ಮೊದಲ ಮನಶ್ಯಾ. ಆಮ್ಯಾಲೆ ನೀರು."

ಕಸ್ತೂರಿ ತಪ್ಪೊಪ್ಪಿಕೊಳ್ಳುವ ಕುಲದವಳಲ್ಲ. ನೀರಿನಲ್ಲಿ ನಿಂತೇ ಆಕೆ ಸಿಂಹನಾದ ಮಾಡಿದಳು. "ಅಂದ್ರ? ಬರಿಮೈಲೆ ಹೋಗಿ ಒಣಾ ಟಬ್ಬಿನಾಗ ಕುಂತು, ನೀರು ತುಂಬೂ ಮಟಾ ನಡುಗ್ಕೋಂತ ಇರಬೇಕು?"

"ಹೌದ್ರಿ."

"ಜಳಕಾ ಆದ ಮ್ಯಾಲೆ?"

"ನೀರು ಬಸಿಯೂ ಮಟಾ ಕುಂದರಬೇಕ್ರಿ. ಆಮ್ಯಾಲೆ ಬಾಗಲಾ."

"ತೊಯ್ದ ಮೈಲೆ?"

"...ಹೌದ್ರಿ."

"ಅದೇನು ಜಳಕಾ ಅಲ್ಲೋ ಮಾರಾಯಾ, ಅದು ಶಿಕ್ಷಾ! ನಮ್ಮ ಹುಡುಗಿ ಚಳಿಗಾಲದಾಗ ಹಂಗ ಕುಂತ್ರ ನಿಮೋನಿಯಾ ಆಗಿ ಹೊಕ್ಕಾಳ. ಬ್ಯಾಡ. ಇದು ಬ್ಯಾಡಂದ್ರ ಬ್ಯಾಡ. ಬ್ಯಾರೇದು ತೋರ್ಸು."

ಟಬ್ಬೇ ಬೇಡವೆಂದು ಹೊರಟವಳು ಬೇರೆಯದನ್ನು ತೋರಿಸೆಂದಳು. ಯಾರೂ ಅದನ್ನು ಎತ್ತಿ ತೋರಿಸಲಿಲ್ಲ. ಗುರುಶಾಂತನು ಚಪ್ಪಲಿ ಹುಡುಕಲು ರಸ್ತೆಗೆ ಹೋಗಿದ್ದನು.

"ಬ್ಯಾರೇದು ಇಲ್ಲೇ ಐತಿ ವೈನಿ," ಎಂದಳು ಮಹಾನಂದೆ ಮೂಲೆಯಿಂದ.

ಅದು ಯಾವ ವ್ಯೂಹಕ್ಕೂ ಸೇರದ, ಯಾವ ಬಿರುದೂ ಇಲ್ಲದ ತೊಟ್ಟಿ. ಬಿಳಿಯದು, ಗಿಡ್ಡನೆಯದು, ಧೂಳು ಹಿಡಿದದ್ದು. ಅದರೊಳಗೆ ಮಕ್ಬೂಲನು ಪೈಪಿನ ತುಂಡುಗಳನ್ನೂ ಮೊಣಕೈಯಂತೆ ಬಾಗಿದ ಜೋಡಣೆಗಳನ್ನೂ ತುಂಬಿಟ್ಟಿದ್ದನು. ಒಂದು ತುದಿಯಲ್ಲಿ ಕುಳಿತುಕೊಳ್ಳುವಷ್ಟು ಅಗಲವಾದ ಕಟ್ಟೆ, ಎರಡೂ ಮಗ್ಗುಲಿಗೆ ಉಕ್ಕಿನ ಹಿಡಿಕೆ. ಅಡಿಪಟ್ಟಿಯ ಪ್ರಕಾರ ಅದರ ಅಂಚಿನ ಎತ್ತರ ಹದಿನೆಂಟು ಇಂಚು. ಗಾಲಿಕುರ್ಚಿಯ ಆಸನವೂ ಹದಿನೆಂಟು ಇಂಚು.

"ಇದಾ? ಅದು ಹಳೇದ್ರಿ ಟೀಚರ್. ಒಂದು ಆಸ್ಪತ್ರಿಯವರು ಹೇಳಿ ತರ್ಸಿ ಒಯ್ಲೇ ಇಲ್ಲ," ಎಂದು ಮಕ್ಬೂಲನು ನಾಚಿಕೊಂಡೇ ಅದನ್ನು ಬರಿದು ಮಾಡಿದನು.

"ಎಲ್ಲಾರೂ ಆ ಕಡೆ ತಿರುಗ್ರಿ."

ಮಕ್ಬೂಲನೂ, ಚಪ್ಪಲಿಯೊಂದಿಗೆ ಮರಳಿದ್ದ ಗುರುಶಾಂತನೂ ತಿರುಗಿದರು. ಕಸ್ತೂರಿ ತಿರುಗಲಿಲ್ಲ.

ಮಹಾನಂದೆ ಕುರ್ಚಿಯ ಗಾಲಿಗಳನ್ನು ಬಿಗಿದಳು. ಕೈಯೂರಿ ದೇಹವನ್ನು ಕಟ್ಟೆಯ ಮೇಲಕ್ಕೆ ಸರಿಸಿದಳು. ಒಂದು ಕಾಲನ್ನು ಎರಡು ಕೈಗಳಿಂದ ಎತ್ತಿ ಒಳಗಿಟ್ಟಳು, ಇನ್ನೊಂದನ್ನು ಎತ್ತಿ ಒಳಗಿಟ್ಟಳು. ಹಿಡಿಕೆ ಹಿಡಿದು ಮೆಲ್ಲಗೆ ಇಳಿದಳು. ಬಟ್ಟೆಯುಟ್ಟೇ, ಬರಿದಾದ ತೊಟ್ಟಿಯಲ್ಲಿ, ಪೈಪಿನ ಧೂಳಿನ ನಡುವೆ ಕುಳಿತಳು. ಇಷ್ಟು ಸುಲಭವಾಗಿತ್ತು.

ಈಗ ಹೊರಗೆ. ಹಿಡಿಕೆಗೆ ಭಾರ ಹಾಕಿ ಮೇಲೆತ್ತಿಕೊಂಡಳು. ಅರ್ಧಕ್ಕೆ ಬಂದಾಗ ಎಡಗಾಲು ಮಡಿಚಿ ಕೆಳಗೆ ಸಿಕ್ಕಿಕೊಂಡಿತು. ತೋಳುಗಳು ನಡುಗಿದವು. ಕಸ್ತೂರಿ ಒಂದೇ ಹೆಜ್ಜೆಗೆ ಬಂದು ಕೈ ಚಾಚಿದಳು.

"ಮುಟ್ಟಬ್ಯಾಡ್ರಿ ವೈನಿ."

"ಬೀಳ್ತೀ ನೀ..."

"ಮುಟ್ಟಬ್ಯಾಡ್ರಿ."

ಈ ಕಥೆಯಲ್ಲಿ ಅನೇಕ ಪರಾಕ್ರಮಗಳನ್ನು ವರ್ಣಿಸಿದ್ದಾಗಿದೆ. ಆದರೆ ಕುದಿಜಲಧಾರಾವರ್ಷಿಣಿಯಾದ ಕಸ್ತೂರಿಯು ಆಗ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತದ್ದಕ್ಕೆ ಸಮನಾದ ಪರಾಕ್ರಮ ಇದರಲ್ಲಿ ಇನ್ನೊಂದಿಲ್ಲ. ಮಹಾನಂದೆ ಮತ್ತೆ ಕೆಳಗಿಳಿದಳು. ಉಸಿರು ತೆಗೆದುಕೊಂಡಳು. ಈ ಸಲ ಮೊದಲು ಕಾಲನ್ನು ಎಳೆದು ನೇರ ಮಾಡಿಕೊಂಡು, ಆಮೇಲೆ ಎದ್ದಳು. ಕಟ್ಟೆಗೆ ಬಂದಳು. ಕಟ್ಟೆಯಿಂದ ಕುರ್ಚಿಗೆ ಬಂದಳು. ಮತ್ತೊಮ್ಮೆ ಇಳಿದು, ಮತ್ತೊಮ್ಮೆ ಹತ್ತಿದಳು. ಮೂರನೆಯ ಸಲವೂ ಅದೇ ಉತ್ತರ ಬಂದಾಗ ಲೆಕ್ಕ ಸರಿಯಿದೆಯೆಂದು ಒಪ್ಪಿದಳು.

"ಇದನ್ನ ಕಳಸ್ರಿ," ಎಂದಳು.

ಆಮೇಲಿನ ಏಳು ದಿನಗಳ ಕಾಲ ಮನೆಯಲ್ಲಿ ಗೌಂಡಿಯ ದಿಗ್ವಿಜಯ, ಸಿಮೆಂಟಿನ ಮೇಘಮಾಲೆ. ಗುರುಶಾಂತನು ತೊಟ್ಟಿಗೊಂದು ಮೋಟಾರು ಕೂಡಿಸುವೆನೆಂದು ಎರಡು ಸಲ ದಂಡೆತ್ತಿ ಬಂದು ಎರಡು ಸಲವೂ ಸೋತು, ಕೊನೆಗೆ ಗಾಲಿಕುರ್ಚಿಗೆ ಎಟುಕುವ ಎತ್ತರದಲ್ಲಿ ಚಿಲಕವನ್ನು ಜಡಿದು ತೃಪ್ತನಾದನು.

ಸೋಮವಾರ ಬೆಳಗ್ಗೆ ಎಂಟೂವರೆಗೆ ಕಸ್ತೂರಿ ತೊಟ್ಟಿಯನ್ನು ತುಂಬಿದಳು. ಈ ತೊಟ್ಟಿಗೆ ನೀರೇ ಮೊದಲು, ಮನುಷ್ಯ ಆಮೇಲೆ. ಆಕೆ ಕೈಯದ್ದಿ ನೋಡಿದಳು, ಒಂದು ತಂಬಿಗೆ ತಣ್ಣೀರು ಬೆರೆಸಿದಳು, ಯೋಚಿಸಿ ಇನ್ನೊಂದು ಬೆರೆಸಿದಳು. "ನೀರಾತು," ಎಂದು ಹೇಳಿ ಹೊರಗೆ ಬಂದಳು. ಗಾಲಿಕುರ್ಚಿ ಒಳಗೆ ಹೋಯಿತು. ಚಿಲಕ ಬಿತ್ತು.

ಗುರುಶಾಂತನು ಬಾಗಿಲು ಮುರಿಯುವ ಸನ್ನದ್ಧತೆಯಲ್ಲಿ ಪಡಸಾಲೆಯಲ್ಲಿ ನಿಂತನು. ಕಸ್ತೂರಿ ಬಾಗಿಲಿಗೆ ಬೆನ್ನು ಹಚ್ಚಿ ಕುಳಿತಳು.

"ಹಿಮ್ಮಡಿ ತಿಕ್ಕೊಂಡಿ?"

"ಹೂಂ."

"ಕುಲಕರ್ಣ್ಯಾರ ಸೊಸಿ ತವರಿಗೆ ಹೋದ್ಲಂತ, ಗೊತ್ತಾತೇನ?"

ಒಳಗೆ ನೀರು ಕದಲಿದ ಸದ್ದು. ಆಮೇಲೆ ಅದೂ ಇಲ್ಲ. ಕಸ್ತೂರಿ ಎದ್ದು ಬಾಗಿಲು ಬಡಿಯಲು ಕೈಯೆತ್ತಿದಳು. ಒಳಗಿನಿಂದ ಸಣ್ಣದಾಗಿ ಹಾಡು ಕೇಳಿಸಿತು. ರಾಗವಿಲ್ಲದ್ದು, ಪದವೂ ಸರಿಯಾಗಿ ಇಲ್ಲದ್ದು. ಆ ಮನೆಯಲ್ಲಿ ಯಾರೂ ಅದುವರೆಗೆ ಅವಳು ಹಾಡಿದ್ದನ್ನು ಕೇಳಿರಲಿಲ್ಲ. ಕಸ್ತೂರಿ ಮತ್ತೆ ಕುಳಿತಳು. ಕುಲಕರ್ಣಿಯವರ ಸೊಸೆಯ ಉಳಿದ ಕಥೆಯನ್ನು ಗಂಡನಿಗೆ ಹೇಳತೊಡಗಿದಳು. ಆತನು ಒದ್ದಾಡುತ್ತ ಕೇಳಿದನು.

ಐವತ್ತು ನಿಮಿಷಗಳ ತರುವಾಯ ಚಿಲಕ ಸರಿಯಿತು. ದ್ವಿಚಕ್ರರಥಾರೂಢೆಯು ಒದ್ದೆಗೂದಲಿನಿಂದ ಹೊರಗೆ ಬಂದಳು. ಆಕಾಶದಿಂದ ಪುಷ್ಪವೃಷ್ಟಿಯಾಗಲಿಲ್ಲ. ದುಂದುಭಿಗಳು ಮೊಳಗಲಿಲ್ಲ. ಗುರುಶಾಂತನು ಗಂಟಲು ಸರಿಮಾಡಿಕೊಂಡು ಕೇಳಿದನು.

"ಹೆಂಗಿತ್ತು?"

ಮಹಾನಂದೆ ಯೋಚಿಸಿದಳು.

"ನೀರು ಸ್ವಲ್ಪ ತಣ್ಣಗಾಗಿತ್ತು," ಎಂದಳು.

ಕಸ್ತೂರಿ ಅವಳ ಬಲಗಿವಿಯ ಹಿಂದೆ ನೋಡಿದಳು. ಅಲ್ಲಿ ಕಡಲೆಬೇಳೆಯಷ್ಟು ಸಾಬೂನು ಉಳಿದಿತ್ತು. ಕೈ ತಾನಾಗಿ ಸೆರಗಿನ ತುದಿಯನ್ನು ಹುಡುಕಿತು, ಹಿಡಿಯಿತು, ಅರ್ಧದವರೆಗೆ ಮೇಲೆ ಹೋಗಿ ನಿಂತಿತು.

"ಇರಲಿ ಬಿಡು," ಎಂದಳು ಕಸ್ತೂರಿ, ಸೆರಗನ್ನು ಬಿಟ್ಟು. "ನಾಳೆ ತೊಳಕೋತಿ."

ಹೀಗೆ, ಯುಗಗಳು ಉರುಳಿ, ಸೇನೆಗಳು ಕೂಡಿ, ಸಪ್ತಸಾಗರಗಳು ಉಕ್ಕಿ ಇಳಿದ ಮೇಲೆ, ಬೆಟಗೇರಿಯ ಆ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಜಳಕ ಮಾಡಿದಳು. ಮೊದಲ ಪೀರಿಯಡ್ಡಿಗೆ ಹೊತ್ತಾಗಿತ್ತು.